ಮೊದಲು ಮೋರಿ, ಆಮೇಲೆ ಕಮಾನು

ನಗರಸಭೆಗೋ ಪುರಸಭೆಗೋ ಚುನಾವಣೆ ಬಂತೆಂದರೆ ಊರಿನ ಚಹರೆಯೇ ಬದಲಾಗಿಬಿಡುತ್ತದೆ. ಆಟೋರಿಕ್ಷಾಗಳ ನೆತ್ತಿಗೆ ಧ್ವನಿವರ್ಧಕ ಏರುತ್ತದೆ. ಬೆಳಿಗ್ಗೆ ಹಾಲಿನ ಪೊಟ್ಟಣದ ಪಕ್ಕದಲ್ಲೇ ಒಂದು ಕರಪತ್ರ ಬಿದ್ದಿರುತ್ತದೆ. ಐದು ವರ್ಷ ಈ ಬೀದಿಗೆ ಕಾಲಿಡದವರು ಗೇಟಿನ ಮುಂದೆ ಕೈಮುಗಿದು ನಿಂತು, 'ಅಮ್ಮಾ, ನಿಮ್ಮ ಆಶೀರ್ವಾದ ಇರಲಿ' ಎನ್ನುತ್ತಾರೆ. ಕರಪತ್ರದಲ್ಲಿ ಹತ್ತು ಭರವಸೆಗಳು: ದಿನವೂ ನೀರು, ಒಳಚರಂಡಿ, ಬೀದಿದೀಪ, ಉದ್ಯಾನ, ಡಾಂಬರು ರಸ್ತೆ, ಬಡಾವಣೆಯ ಬಾಯಲ್ಲಿ ಸ್ವಾಗತ ಕಮಾನು. ಹತ್ತೂ ಒಳ್ಳೆಯವೇ. ಆದರೆ ಹತ್ತರಲ್ಲಿ ಮೊದಲನೆಯದು ಯಾವುದು? ಕರಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರೂ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಊರಿನ ಸುಧಾರಣೆ ನಿಂತಿರುವುದೇ ಈ ಒಂದು ಪ್ರಶ್ನೆಯ ಮೇಲೆ. ಎಲ್ಲವನ್ನೂ ಮಾಡುತ್ತೇನೆ ಎನ್ನುವುದು ಸುಲಭ. ಇದನ್ನು ಮೊದಲು ಮಾಡುತ್ತೇನೆ, ಅದು ಎರಡು ವರ್ಷ ಕಾಯಬೇಕು ಎಂದು ಮತದಾರನ ಮುಖ ನೋಡಿ ಹೇಳುವುದು ಕಷ್ಟ. ವಾರ್ಡಿನ ಸದಸ್ಯನಾಗಬಯಸುವವನ ನಿಜವಾದ ಪರೀಕ್ಷೆ ಅಲ್ಲಿಯೇ ಇದೆ.

ಒಂದು ಮತದ ಗೆಲುವು

'ಮನೆ ಗೆದ್ದು ಮಾರು ಗೆಲ್ಲು' ಎಂಬುದು ನಮ್ಮ ಹಿರಿಯರ ಮಾತು. ದೇಶದ ಸ್ವಾತಂತ್ರ್ಯಕ್ಕಾಗಿ ದುಡಿದ ಹಲವು ಮಹನೀಯರು ಈ ಮಾತನ್ನು ಅಕ್ಷರಶಃ ಪಾಲಿಸಿದವರು. ಗೋಪಾಲಕೃಷ್ಣ ಗೋಖಲೆಯವರು ಪುಣೆಯ ಪುರಸಭೆಯ ಅಧ್ಯಕ್ಷರಾಗಿದ್ದರು. ರಾಜಾಜಿಯವರು ಸೇಲಂ ಪುರಸಭೆಯನ್ನು ನಡೆಸಿದರು. ಜವಾಹರಲಾಲ್ ನೆಹರೂ 1923ರಲ್ಲಿ ಅಲಹಾಬಾದ್ ಪುರಸಭೆಯ ಅಧ್ಯಕ್ಷರಾದರು. ಸುಭಾಷ್‌ಚಂದ್ರ ಬೋಸರು 1924ರಲ್ಲಿ ಕಲ್ಕತ್ತಾ ನಗರಪಾಲಿಕೆಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾಗಿ, 1930ರಲ್ಲಿ ಅದರ ಮೇಯರ್ ಆಗಿ ಕೆಲಸ ಮಾಡಿದರು. ಇವರೆಲ್ಲ ದೇಶದ ಕೆಲಸಕ್ಕೂ ಊರಿನ ನಲ್ಲಿ, ಮೋರಿ, ಕಸದ ಕೆಲಸಕ್ಕೂ ಭೇದ ಎಣಿಸಲಿಲ್ಲ.

ಇವರಲ್ಲಿ ಎದ್ದು ಕಾಣುವ ಉದಾಹರಣೆ ಅಹಮದಾಬಾದಿನದು. 1917ರಲ್ಲಿ ಅಲ್ಲಿನ ದರಿಯಾಪುರ ವಾರ್ಡಿನಿಂದ ನಲವತ್ತೊಂದು ವರ್ಷದ ಬ್ಯಾರಿಸ್ಟರ್ ಒಬ್ಬರು ಪುರಸಭೆಗೆ ಸ್ಪರ್ಧಿಸಿದರು. ಇಂಗ್ಲೆಂಡಿನಲ್ಲಿ ಓದಿ ಬಂದು ಸೂಟುಬೂಟು ಧರಿಸಿ, ಸಂಜೆ ಕ್ಲಬ್ಬಿನಲ್ಲಿ ಬ್ರಿಡ್ಜ್ ಆಡುತ್ತಿದ್ದ ವಕೀಲರು ಅವರು. ಎಣಿಕೆ ಮುಗಿದಾಗ ಅವರು ಗೆದ್ದದ್ದು ಒಂದೇ ಒಂದು ಮತದ ಅಂತರದಿಂದ! ಅವರೇ ಮುಂದೆ 'ಸರ್ದಾರ್' ಎಂದು ದೇಶವೆಲ್ಲ ಕರೆದ ವಲ್ಲಭಭಾಯಿ ಪಟೇಲರು. ಐನೂರಕ್ಕೂ ಹೆಚ್ಚು ಸಂಸ್ಥಾನಗಳನ್ನು ಒಂದುಗೂಡಿಸಿದ ಕೈಗಳು ಮೊದಲು ಹಿಡಿದದ್ದು ಒಂದು ವಾರ್ಡಿನ ಮೋರಿಯ ಕಡತವನ್ನು.

ಪಟೇಲರು ಪುರಸಭೆಯಲ್ಲಿ ವಹಿಸಿಕೊಂಡದ್ದು ನೈರ್ಮಲ್ಯ ಸಮಿತಿಯ ಹೊಣೆ. ಅದು ಹೂವಿನ ಹಾರ ತರುವ ಹುದ್ದೆಯಲ್ಲ. ಅದೇ ವರ್ಷ ಊರಿಗೆ ಪ್ಲೇಗು ಬಂತು. ಅನುಕೂಲವಂತರು ಮನೆಗೆ ಬೀಗ ಹಾಕಿ ಊರು ಬಿಟ್ಟರು. ಪಟೇಲರು ಉಳಿದರು, ಓಣಿ ಓಣಿ ತಿರುಗಿ ಚೊಕ್ಕಟದ ಕೆಲಸ ನಡೆಯುತ್ತಿದೆಯೇ ಎಂದು ನೋಡಿದರು. 1924ರಲ್ಲಿ ಅವರು ಪುರಸಭೆಯ ಅಧ್ಯಕ್ಷರಾದರು. 1928ರವರೆಗೆ ಆ ಸ್ಥಾನದಲ್ಲಿದ್ದು ನೀರು ಸರಬರಾಜು, ಒಳಚರಂಡಿ, ಬೀದಿಗಳ ಸ್ವಚ್ಛತೆ ಇವುಗಳಿಗೇ ಹೆಚ್ಚಿನ ಗಮನ ಕೊಟ್ಟರು.

1927ರ ಜುಲೈನಲ್ಲಿ ಗುಜರಾತಿನಲ್ಲಿ ದಿನಗಟ್ಟಲೆ ಮಳೆ ಸುರಿದು ಊರುಗಳೆಲ್ಲ ಜಲಾವೃತವಾದವು. ಆ ಮಳೆಯ ಒಂದು ರಾತ್ರಿ ಅಧ್ಯಕ್ಷರಿಗೆ ನಿದ್ದೆ ಬರಲಿಲ್ಲ. ಮಧ್ಯರಾತ್ರಿಯಲ್ಲೇ ಮನೆಯಿಂದ ಹೊರಟು, ಪುರಸಭೆಯ ಎಂಜಿನಿಯರರನ್ನು ಎಬ್ಬಿಸಿ ಕರೆದುಕೊಂಡು ಹೋಗಿ, ಕಟ್ಟಿಕೊಂಡಿದ್ದ ನೀರು ಹರಿದುಹೋಗಲು ದಾರಿ ಮಾಡಿಸಿದರೆಂದು ಅವರ ಜೀವನಚರಿತ್ರೆ ಹೇಳುತ್ತದೆ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಒಡೆದರೆ ಎಲ್ಲಿಗೆ ಹರಿಯುತ್ತದೆ ಎಂಬ ತಿಳಿವಳಿಕೆ ಆ ಹೊತ್ತಿಗೆ ಅವರಿಗೆ ಇತ್ತು. ಹತ್ತು ವರ್ಷ ಮೋರಿಗಳನ್ನು ನೋಡಿಕೊಂಡವರಿಗೆ ಸಿಗುವ ವಿದ್ಯೆ ಅದು.

ಪಟೇಲರಿಗಿಂತ ಮೊದಲೇ ಅದೇ ಊರಿನಲ್ಲಿ ಈ ದಾರಿ ತೋರಿಸಿದವರು ಒಬ್ಬರಿದ್ದರು. ಅಹಮದಾಬಾದಿನ ಮೊದಲ ಬಟ್ಟೆ ಗಿರಣಿಯನ್ನು 1861ರಲ್ಲಿ ಆರಂಭಿಸಿದ ರಣಛೋಡಲಾಲ್ ಛೋಟಾಲಾಲರು 1880ರ ದಶಕದಲ್ಲಿ ಪುರಸಭೆಯನ್ನು ನಡೆಸಿದರು. ಊರಿಗೆ ಕೊಳಾಯಿ ನೀರು ಮತ್ತು ಒಳಚರಂಡಿ ಬರಬೇಕೆಂದು ಅವರು ಹಟ ಹಿಡಿದಾಗ ಜನ ಜಯಕಾರ ಹಾಕಲಿಲ್ಲ. ಮನೆಯ ಬಾವಿ ಇರುವಾಗ ಕೊಳಾಯಿ ಏಕೆ, ಇದಕ್ಕೆಲ್ಲ ತೆರಿಗೆ ಕೊಡುವವರು ಯಾರು ಎಂದು ವಿರೋಧಿಸಿದರು. ಆದರೂ 1891ರಲ್ಲಿ ಊರಿಗೆ ನೀರಿನ ಯೋಜನೆ ಬಂತು, ಅದರ ಹಿಂದೆಯೇ ಒಳಚರಂಡಿಯ ಕೆಲಸವೂ ಶುರುವಾಯಿತು. ನೆಲದಡಿಯ ಕೆಲಸ ಮಾಡಿದವನಿಗೆ ಅಂದೂ ಚಪ್ಪಾಳೆ ಕಡಿಮೆ, ಇಂದೂ ಕಡಿಮೆ.

ನೆಲದಡಿಯ ಸತ್ಯ

ಕಣ್ಣಿಗೆ ಕಾಣದ ಕೆಲಸ ಏಕೆ ಮೊದಲು ಆಗಬೇಕು? ಇದಕ್ಕೆ ಉತ್ತರವನ್ನು ರಾಜಕೀಯಕ್ಕಿಂತ ವಿಜ್ಞಾನ ಚೆನ್ನಾಗಿ ಕೊಡುತ್ತದೆ.

1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಗೆ ಕಾಲರಾ ಬಡಿಯಿತು. ಹತ್ತು ದಿನಗಳೊಳಗೆ ಐನೂರಕ್ಕೂ ಹೆಚ್ಚು ಮಂದಿ ಸತ್ತರು. ಕೆಟ್ಟ ಗಾಳಿಯೇ ರೋಗಕ್ಕೆ ಕಾರಣವೆಂದು ದೊಡ್ಡ ದೊಡ್ಡ ವೈದ್ಯರೂ ನಂಬಿದ್ದ ಕಾಲ. ಜಾನ್ ಸ್ನೋ ಎಂಬ ವೈದ್ಯರು ಮನೆ ಮನೆಗೆ ಹೋಗಿ, ಸತ್ತವರು ಎಲ್ಲಿಯ ನೀರು ಕುಡಿದಿದ್ದರು ಎಂದು ವಿಚಾರಿಸಿದರು. ಎಲ್ಲ ದಾರಿಗಳೂ ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿಗೆ ಬಂದು ಮುಟ್ಟಿದವು. ಅವರು ಹೋಗಿ ಹೇಳಿದ್ದು ರಾಣಿಗಲ್ಲ, ಪಾರ್ಲಿಮೆಂಟಿಗಲ್ಲ. ಆ ಬಡಾವಣೆಯ ಸ್ಥಳೀಯ ಮಂಡಳಿಗೆ. ಮಂಡಳಿಯವರಿಗೆ ಪೂರ್ತಿ ನಂಬಿಕೆ ಬರದಿದ್ದರೂ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಿಸಿದರು. ಆ ಹೊತ್ತಿಗೆ ರೋಗ ಇಳಿಮುಖವಾಗಿತ್ತು ನಿಜ. ಆದರೆ ಮುಂದೆ ನಡೆದ ತನಿಖೆಯಲ್ಲಿ, ಪಕ್ಕದ ಮನೆಯೊಂದರ ಮಲಗುಂಡಿಯಿಂದ ಆ ಬಾವಿಗೆ ಕೊಳಚೆ ಸೋರುತ್ತಿದ್ದುದು ಪತ್ತೆಯಾಯಿತು. ಕುಡಿಯುವ ನೀರು ಮತ್ತು ಕೊಳಚೆ ನೀರು, ಇವೆರಡೂ ನೆಲದೊಳಗೆ ಭೇಟಿಯಾಗಬಾರದು. ನಗರಾಡಳಿತದ ಮೊದಲ ಪಾಠ ಇಷ್ಟೇ.

ಇದು ನೂರೆಪ್ಪತ್ತು ವರ್ಷದ ಹಿಂದಿನ ಲಂಡನ್ನಿನ ಕಥೆ, ನಮ್ಮ ಊರಿಗೇನು ಸಂಬಂಧ ಎನ್ನುವಂತಿಲ್ಲ. ನಮ್ಮ ಊರುಗಳಲ್ಲಿ ನೀರು ಎರಡು ದಿನಕ್ಕೋ ನಾಲ್ಕು ದಿನಕ್ಕೋ ಒಮ್ಮೆ ಬರುತ್ತದೆ. ನೀರು ಬಿಟ್ಟಾಗ ಕೊಳವೆಯೊಳಗೆ ಒತ್ತಡ ಇರುತ್ತದೆ. ಎಲ್ಲಾದರೂ ಬಿರುಕಿದ್ದರೆ ನೀರು ಒಳಗಿನಿಂದ ಹೊರಕ್ಕೆ ಚಿಮ್ಮುತ್ತದೆ. ನೀರು ನಿಲ್ಲಿಸಿದಾಗ ಒತ್ತಡ ಇಳಿದು ಕೊಳವೆ ಖಾಲಿಯಾಗುತ್ತದೆ. ಆಗ ಅದೇ ಬಿರುಕಿನಿಂದ ಪಕ್ಕದ ಮೋರಿಯ ನೀರು ಹೊರಗಿನಿಂದ ಒಳಕ್ಕೆ ಇಳಿಯುತ್ತದೆ. ಮರುದಿನ ನಲ್ಲಿ ತಿರುಗಿಸಿದ ಕೂಡಲೇ ಬರುವ ಮಣ್ಣು ಬಣ್ಣದ ನೀರು ಯಾವ ದಾರಿಯಿಂದ ಬಂತು ಎಂಬುದು ಈಗ ತಿಳಿಯಿತಲ್ಲವೆ?

ಕರ್ನಾಟಕದಲ್ಲೇ ಇದರ ಪರೀಕ್ಷೆಯೂ ನಡೆದಿದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಆಯ್ದ ವಾರ್ಡುಗಳಲ್ಲಿ 2008ರ ಹೊತ್ತಿಗೆ ಹೊಸ ಕೊಳವೆಗಳನ್ನು ಹಾಕಿ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಕೊಡುವ ವ್ಯವಸ್ಥೆ ಬಂತು. ಹುಬ್ಬಳ್ಳಿ-ಧಾರವಾಡದಲ್ಲಿ ಸಂಶೋಧಕರು ಈ ವಾರ್ಡುಗಳನ್ನೂ, ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳನ್ನೂ ಹೋಲಿಸಿ ನೋಡಿದರು. ಸದಾ ನೀರಿರುವ ಕಡೆ ನಲ್ಲಿಯ ನೀರು ಹೆಚ್ಚು ಶುದ್ಧವಾಗಿತ್ತು, ಟೈಫಾಯ್ಡ್ ಕಡಿಮೆಯಾಗಿತ್ತು. ಆದರೆ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಏಕೆಂದರೆ ಭೇದಿಗೆ ನೀರೊಂದೇ ದಾರಿಯಲ್ಲ. ತೆರೆದ ಮೋರಿ, ನೊಣ, ತೊಳೆಯದ ಕೈ ಇವೂ ದಾರಿಗಳೇ. ಒಂದು ಕೆಲಸ ಮಾಡಿ ಕೈತೊಳೆದುಕೊಂಡರೆ ಸಾಲದು, ಒಂದರ ಹಿಂದೆ ಇನ್ನೊಂದು ಆಗಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಒಂದು ವಾರ್ಡಿನ ಲೆಕ್ಕ

ಈಗ ಒಂದು ಲೆಕ್ಕ. ಹೈಸ್ಕೂಲಿನ ಮಕ್ಕಳು ಪೆನ್ಸಿಲ್ಲು ಹಿಡಿದೇ ಓದಬಹುದು. ಆರುನೂರು ಮನೆಗಳ ಒಂದು ವಾರ್ಡು ಇದೆ ಎಂದಿಟ್ಟುಕೊಳ್ಳಿ. ಅದಕ್ಕೆ ಈ ವರ್ಷ ಸಿಕ್ಕಿರುವ ಅನುದಾನ 20 ಲಕ್ಷ ರೂಪಾಯಿ. ಜನರ ಬೇಡಿಕೆಗಳು ಐದು. ಮೋರಿಯೊಳಗೆ ಹಾದುಹೋಗಿರುವ ಹಳೆಯ ನೀರಿನ ಕೊಳವೆ ಬದಲಿಸುವುದು: 6 ಲಕ್ಷ, ಪ್ರಯೋಜನ 150 ಮನೆಗಳಿಗೆ. ತಗ್ಗಿನ ಬೀದಿಗಳ ಚರಂಡಿ ಕಟ್ಟುವುದು: 10 ಲಕ್ಷ, 200 ಮನೆ. ಕೆಟ್ಟ ಬೀದಿದೀಪಗಳ ದುರಸ್ತಿ: 2 ಲಕ್ಷ, 400 ಮನೆ. ಉದ್ಯಾನ: 7 ಲಕ್ಷ, 350 ಮನೆ. ಸ್ವಾಗತ ಕಮಾನು: 5 ಲಕ್ಷ. ಎಲ್ಲ ಕೂಡಿದರೆ 30 ಲಕ್ಷ. ಕೈಯಲ್ಲಿರುವುದು 20. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಮನೆಯೊಂದಕ್ಕೆ ಬೀಳುವ ಖರ್ಚನ್ನು ಲೆಕ್ಕ ಹಾಕಿದರೆ ದೀಪಕ್ಕೆ 500 ರೂಪಾಯಿ, ಉದ್ಯಾನಕ್ಕೆ 2,000, ಕೊಳವೆಗೆ 4,000, ಚರಂಡಿಗೆ 5,000. ಈ ಲೆಕ್ಕವನ್ನೇ ನಂಬಿದರೆ ದೀಪದ ನಂತರ ಉದ್ಯಾನಕ್ಕೇ ಹಣ ಹೋಗಬೇಕು. ಆದರೆ ಇಲ್ಲಿ ಒಂದು ಅಂಕಿ ಬಿಟ್ಟುಹೋಗಿದೆ. ತಡವಾದರೆ ಏನು ಕೆಡುತ್ತದೆ? ಉದ್ಯಾನ ಒಂದು ವರ್ಷ ತಡವಾದರೆ ಮಕ್ಕಳಿಗೆ ಬೇಸರ. ಕೊಳವೆ ಒಂದು ವರ್ಷ ತಡವಾದರೆ ಅದೇ ಮಕ್ಕಳಿಗೆ ಟೈಫಾಯ್ಡ್. ಆಸ್ಪತ್ರೆಯ ಖರ್ಚು, ತಪ್ಪಿದ ಪರೀಕ್ಷೆ, ತಾಯಿಯ ಹೋದ ಕೂಲಿ ಇವು ಯಾವುವೂ ನಗರಸಭೆಯ ಲೆಕ್ಕಪುಸ್ತಕದಲ್ಲಿ ಬರುವುದಿಲ್ಲ. ಮನೆಯ ಲೆಕ್ಕದಲ್ಲಿ ಬರುತ್ತವೆ. ಇದನ್ನು ಸೇರಿಸಿದರೆ ಕೊಳವೆ 6, ಚರಂಡಿ 10, ದೀಪ 2, ಒಟ್ಟು 18 ಲಕ್ಷ. ಉಳಿದ 2 ಲಕ್ಷ ಅವುಗಳ ನಿರ್ವಹಣೆಗೆ. ಉದ್ಯಾನ ಬೇಡವೆಂದಲ್ಲ, ಮುಂದಿನ ವರ್ಷದ ಪಟ್ಟಿಯಲ್ಲಿ ಅದೇ ಮೊದಲು. ಕಮಾನಿನ ಮಾತು ಅದಾದ ಮೇಲೆ.

ಹೀಗೆ ಆದ್ಯತೆಯನ್ನು ಗೊತ್ತುಪಡಿಸಲು ನಾಲ್ಕು ಪ್ರಶ್ನೆಗಳು ಸಾಕು. ಎಷ್ಟು ಮನೆಗಳಿಗೆ ಪ್ರಯೋಜನ? ತಡವಾದರೆ ಕೆಡುವುದೇನು? ಯಾವ ಕೆಲಸ ಇನ್ನೊಂದಕ್ಕೆ ಅಡಿಪಾಯ? ಮಾಡಿದ ಮೇಲೆ ನೋಡಿಕೊಳ್ಳುವವರು ಯಾರು? ಮೂರನೆಯ ಪ್ರಶ್ನೆಯನ್ನು ಮರೆತ ಊರುಗಳಲ್ಲಿ ಇಂದು ಡಾಂಬರು ಬೀಳುತ್ತದೆ, ನಾಳೆ ಕೊಳವೆ ಹಾಕಲು ಗುದ್ದಲಿ ಬೀಳುತ್ತದೆ. ನಾಲ್ಕನೆಯದನ್ನು ಮರೆತ ಊರುಗಳಲ್ಲಿ ಉದ್ಘಾಟನೆಯ ಫಲಕ ಇರುತ್ತದೆ, ಶೌಚಾಲಯಕ್ಕೆ ಬೀಗ ಇರುತ್ತದೆ.

ನಿರ್ಲಕ್ಷ್ಯಕ್ಕೆ ತೆರುವ ಬೆಲೆ ಏನೆಂಬುದನ್ನು ಸೂರತ್ ನಗರ 1994ರ ಸೆಪ್ಟೆಂಬರಿನಲ್ಲಿ ಕಂಡಿತು. ನೆರೆ ಇಳಿದ ಊರಿನಲ್ಲಿ ಕೊಳಚೆ ಉಳಿದು, ಪ್ಲೇಗಿನ ಸುದ್ದಿ ಹಬ್ಬಿ ಲಕ್ಷಾಂತರ ಜನ ರೈಲು, ಬಸ್ಸು ಹತ್ತಿ ಓಡಿದರು. ಮರುವರ್ಷದಿಂದ ಅಲ್ಲಿನ ಪಾಲಿಕೆಯ ಅಧಿಕಾರಿಗಳು ಬೆಳಿಗ್ಗೆಯೇ ಬೀದಿಗಿಳಿದು ಕಸ, ಮೋರಿಗಳ ಕೆಲಸವನ್ನು ಕಣ್ಣಾರೆ ನೋಡತೊಡಗಿದರು. ಕೆಲವೇ ವರ್ಷಗಳಲ್ಲಿ ಆ ಊರು ದೇಶದ ಚೊಕ್ಕ ನಗರಗಳ ಸಾಲಿಗೆ ಸೇರಿತು. ಅಲ್ಲಿ ಆದದ್ದು ಪವಾಡವಲ್ಲ, ದಿನನಿತ್ಯದ ಕೆಲಸ.

ಯಾರು ನಿಲ್ಲಬಹುದು?

ವಾರ್ಡಿನ ಚುನಾವಣೆಗೆ ನಿಲ್ಲಲು ದೊಡ್ಡ ಮನೆತನವೂ ಬೇಡ, ದೊಡ್ಡ ಪದವಿಯೂ ಬೇಡ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಿತು. ಅದರ ಪ್ರಕಾರ 21 ವರ್ಷ ತುಂಬಿದವರು ನಗರ ಸಂಸ್ಥೆಗಳಿಗೆ ಸ್ಪರ್ಧಿಸಬಹುದು. ವಿಧಾನಸಭೆಗೆ 25 ವರ್ಷ ಆಗಬೇಕು. ಊರಿನ ಕೆಲಸಕ್ಕೆ ನಾಲ್ಕು ವರ್ಷ ಮೊದಲೇ ಬಾಗಿಲು ತೆರೆದಿದೆ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ನಾಮಪತ್ರ ಸಲ್ಲಿಸಬೇಕು, ಠೇವಣಿ ಕಟ್ಟಬೇಕು. ಒಟ್ಟು ಸ್ಥಾನಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟನ್ನು ಮಹಿಳೆಯರಿಗೆ ಮೀಸಲಿಡಬೇಕೆಂದು ಸಂವಿಧಾನವೇ ಹೇಳುತ್ತದೆ. ನಲ್ಲಿಯ ಮುಂದೆ ಕೊಡ ಹಿಡಿದು ಕಾದವರಿಗೆ ನೀರಿನ ಬೆಲೆಯನ್ನು ಬೇರೆಯವರು ಕಲಿಸಬೇಕಾಗಿಲ್ಲ.

ಕರ್ನಾಟಕದಲ್ಲಿ ಜನಸಂಖ್ಯೆಗೆ ತಕ್ಕಂತೆ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರಪಾಲಿಕೆ ಎಂಬ ಮೆಟ್ಟಿಲುಗಳಿವೆ. ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿ ಇದೆ. ನೀರು ಸರಬರಾಜು, ನೈರ್ಮಲ್ಯ, ಕೊಳೆಗೇರಿಗಳ ಸುಧಾರಣೆ, ಉದ್ಯಾನ, ಬೀದಿದೀಪ, ಸ್ಮಶಾನ, ಜನನ-ಮರಣದ ದಾಖಲೆ ಎಲ್ಲವೂ ಅದರಲ್ಲಿ ಸೇರಿವೆ. ಹುಟ್ಟಿದ ದಿನದಿಂದ ಕೊನೆಯ ದಿನದವರೆಗೆ ಮನುಷ್ಯನ ಜೊತೆಗಿರುವ ಸರ್ಕಾರ ಇದೊಂದೇ ಎನ್ನಬಹುದು.

ಐದು ವರ್ಷದ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ನಡೆಯಬೇಕು ಎಂಬುದೂ ಸಂವಿಧಾನದ ಕಟ್ಟಳೆ. ಆದರೆ ಬೆಂಗಳೂರಿನಲ್ಲಿ 2015ರಲ್ಲಿ ಆಯ್ಕೆಯಾದ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಉರುಳಿದರೂ ಚುನಾವಣೆ ನಡೆಯಲಿಲ್ಲ. ಒಂದು ಇಡೀ ಅವಧಿಯೇ ಚುನಾಯಿತ ಸದಸ್ಯರಿಲ್ಲದೆ ಕಳೆದುಹೋಯಿತು. ಅಧಿಕಾರಿಗಳು ಕೆಲಸ ಮಾಡಲಿಲ್ಲವೆಂದಲ್ಲ. ಆದರೆ ಬೀದಿಯಲ್ಲಿ ನಿಲ್ಲಿಸಿ 'ನಮ್ಮ ಮೋರಿ ಏನಾಯಿತು ಸ್ವಾಮಿ?' ಎಂದು ಕೇಳಲು ಒಬ್ಬ ಸದಸ್ಯ ಇರಲಿಲ್ಲ. ವಾರ್ಡಿಗೆ ಸದಸ್ಯನಿಲ್ಲದಿದ್ದರೆ ಪ್ರಶ್ನೆಗೆ ವಿಳಾಸವೇ ಇರುವುದಿಲ್ಲ.

ಮತ ಇಲ್ಲದವರ ಕೆಲಸ

ಹದಿನೆಂಟು ತುಂಬದ ವಿದ್ಯಾರ್ಥಿಗೆ ಮತವಿಲ್ಲ, ಸರಿ. ಕಣ್ಣು, ಕೈ, ಕಾಗದ ಇವೆಯಲ್ಲ! ಜಾನ್ ಸ್ನೋ ಮಾಡಿದ್ದೂ ಅಷ್ಟೇ: ಕೇಳಿದರು, ಎಣಿಸಿದರು, ನಕ್ಷೆ ಬರೆದರು. ಶಾಲೆಯ ವಿಜ್ಞಾನ ಸಂಘ ಒಂದು ಭಾನುವಾರ ವಾರ್ಡಿನ ನಕ್ಷೆ ತಯಾರಿಸಬಹುದು. ಉರಿಯದ ದೀಪದ ಕಂಬಗಳೆಷ್ಟು, ಮುಚ್ಚಳವಿಲ್ಲದ ಗುಂಡಿಗಳೆಷ್ಟು, ನೀರು ನಿಲ್ಲುವ ತಗ್ಗುಗಳೆಲ್ಲಿ ಎಂದು ಗುರುತಿಸಬಹುದು. ಹಗಲಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆಯ ಮೊಟ್ಟೆ ನಿಂತ ನೀರಿನಲ್ಲಿ ಒಡೆದು ಮರಿಯಾಗಿ ಹಾರಲು ಸುಮಾರು ಎಂಟು-ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ತೊಟ್ಟಿ, ಡ್ರಮ್ಮುಗಳನ್ನು ಬರಿದು ಮಾಡಿ ಒಣಗಿಸಿದರೆ ಡೆಂಗಿಯ ಸರಪಳಿ ತುಂಡಾಗುತ್ತದೆ. ಇದಕ್ಕೆ ಅನುದಾನ ಬೇಕಿಲ್ಲ.

ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಬಣ್ಣ ಬದಲಾಗುವುದನ್ನು ನೋಡಿ ಅಳೆಯುವ ಸಣ್ಣ ಪೆಟ್ಟಿಗೆ ದುಬಾರಿಯೇನಲ್ಲ; ಶಾಲೆಯ ಪ್ರಯೋಗಾಲಯದಲ್ಲಿ ಇಟ್ಟುಕೊಳ್ಳಬಹುದು. ಬೇರೆ ಬೇರೆ ಬೀದಿಯ ಮಕ್ಕಳು ತಂದ ನೀರನ್ನು ಪರೀಕ್ಷಿಸಿ ಬರೆದಿಟ್ಟರೆ, ಯಾವ ಬೀದಿಯ ಕೊಳವೆಗೆ ಕಾಯಿಲೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಮತ ಕೇಳಲು ಬಂದವರ ಕೈಗೆ ಆ ನಕ್ಷೆಯನ್ನು ತಂದೆತಾಯಿಗಳು ಕೊಟ್ಟು, 'ಇದರಲ್ಲಿ ಮೊದಲು ಯಾವುದು ಮಾಡುತ್ತೀರಿ? ಯಾವುದನ್ನು ಬಿಡುತ್ತೀರಿ?' ಎಂದು ಕೇಳಲಿ. 'ಎಲ್ಲವನ್ನೂ ಮಾಡಿಸೋಣ' ಎಂದವರ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಲಿ. 'ಮೊದಲು ಮೋರಿ' ಎಂದು ಹೇಳಿ, ಕಮಾನು ಕೇಳಿದ ಓಣಿಯಲ್ಲೂ ಅದೇ ಮಾತು ಆಡಿದವರು ಸಿಕ್ಕರೆ ಅಂಥವರನ್ನು ಕೈಬಿಡಬಾರದು.

ದರಿಯಾಪುರದ ಮತದಾರರಲ್ಲಿ ಇನ್ನೊಬ್ಬ ಅಂದು ಮನೆಯಲ್ಲೇ ಉಳಿದಿದ್ದರೆ? ಆ ಊರಿನ ಮೋರಿಗಳ ಕಥೆ ಬೇರೆಯೇ ಆಗುತ್ತಿತ್ತೇನೋ. ವಾರ್ಡು ಚಿಕ್ಕದು, ಅಲ್ಲಿ ಗೆಲುವಿನ ಅಂತರವೂ ಚಿಕ್ಕದು. ಅದಕ್ಕೇ ಅಲ್ಲಿ ಒಂದು ಮತಕ್ಕೂ ಒಂದು ಪ್ರಶ್ನೆಗೂ ತೂಕ ಹೆಚ್ಚು.